ಚಿಕನ್ ಸಲಾಡ್ ರ‍್ಯಾಪ್‌ಗೆ ಪ್ಯಾಕೆಟ್ ರೊಟ್ಟಿ: ಒಂದು ತಿಂಗಳು ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಈ ಪ್ಯಾಕೆಟ್ ರ‍್ಯಾಪ್ ಚೆನ್ನಾಗಿದೆ, ಮತ್ತೆ ತರುತ್ತೇನೆ. ಆದರೆ ಪ್ಯಾಕೆಟ್ ಮೇಲೆ ದಪ್ಪ ಅಕ್ಷರದಲ್ಲಿ ‘ತೆರೆಯಿರಿ, ತುಂಬಿಸಿ, ತಿನ್ನಿ’ ಅಂತ ಬರೆದಿದ್ದಾರಲ್ಲ, ಅದನ್ನು ಮಾತ್ರ ನಂಬಬೇಡಿ. ನಡುವೆ ಒಂದು ಕೆಲಸ ಬಿಟ್ಟುಹೋಗಿದೆ. ಬಿಸಿ ಮಾಡುವುದು. ಅಷ್ಟು ಮಾಡದೆ ಹೋದರೆ ಎಷ್ಟು ಒಳ್ಳೆಯ ಚಿಕನ್ ಸಲಾಡ್ ಮಾಡಿಟ್ಟರೂ ಅರ್ಧ ತಟ್ಟೆಗೆ, ಅರ್ಧ ಮಡಿಲಿಗೆ ಬೀಳುತ್ತದೆ.

ನಾನು ಮನೆಯಿಂದಲೇ ಕೆಲಸ ಮಾಡುವವಳು. ಮಧ್ಯಾಹ್ನ ಊಟಕ್ಕೆ ಅಂತ ಸಿಗುವುದು ಹೆಚ್ಚೆಂದರೆ 40 ನಿಮಿಷ. ಅಷ್ಟರಲ್ಲೇ ಮಾಡಿ, ತಿಂದು, ಪಾತ್ರೆ ತೊಳೆದಿಟ್ಟು ಮತ್ತೆ ಕಂಪ್ಯೂಟರ್ ಮುಂದೆ ಬಂದು ಕೂರಬೇಕು. ಬ್ರೆಡ್ ತಿಂದು ತಿಂದು ಬೇಜಾರಾಗಿತ್ತು. ಹಿಟ್ಟು ಕಲಸಿ, ನೆನೆಸಿಟ್ಟು, ಲಟ್ಟಿಸಿ ಬೇಯಿಸುವಷ್ಟು ಹೊತ್ತು ಇಲ್ಲ. ಹಾಗಾಗಿ ಒಂದು ತಿಂಗಳಿಂದ ಈ ಪ್ಯಾಕೆಟ್ ತರುತ್ತಿದ್ದೇನೆ. ನಾಲ್ಕು ಪ್ಯಾಕೆಟ್ ಮುಗಿದಿದೆ, ಅಂದರೆ 24 ರ‍್ಯಾಪ್. ಒಂದೆರಡು ಬಿಟ್ಟರೆ ಎಲ್ಲದಕ್ಕೂ ಒಳಗೆ ಚಿಕನ್ ಸಲಾಡೇ. ಇಷ್ಟು ಸಲ ಮಾಡಿದ ಮೇಲೆ ಏನು ಸರಿ ಹೋಗುತ್ತದೆ, ಏನು ಕೈಕೊಡುತ್ತದೆ ಅನ್ನುವುದು ಗೊತ್ತಾಗಿದೆ, ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಪ್ಯಾಕೆಟ್‌ನಲ್ಲಿ ಆರು ಇರುತ್ತವೆ. ಅಗಲ 10 ಇಂಚು, ಅಂದರೆ ಸುಮಾರು 25 ಸೆಂಟಿಮೀಟರ್. ಇದೇ ಕಂಪನಿಯದು 8 ಇಂಚಿನದೂ ಬರುತ್ತದೆ. ನೋಡಲು ಎರಡಿಂಚಿನ ವ್ಯತ್ಯಾಸ ಅಷ್ಟೇ, ಆದರೆ ಸುತ್ತಲು ಕೂತಾಗ ಗೊತ್ತಾಗುತ್ತದೆ. 8 ಇಂಚಿನದರಲ್ಲಿ ಊಟಕ್ಕೆ ಸಾಕಾಗುವಷ್ಟು ಸಲಾಡ್ ಹಾಕಿದರೆ ಎರಡೂ ಪಕ್ಕ ಮಡಚಲು ಜಾಗವೇ ಉಳಿಯುವುದಿಲ್ಲ. ಮಕ್ಕಳಿಗೆ, ಇಲ್ಲ ಸಂಜೆ ಸ್ವಲ್ಪ ಏನಾದರೂ ತಿನ್ನಬೇಕು ಅನ್ನುವವರಿಗೆ ಅದು ಪರವಾಗಿಲ್ಲ. ಊಟಕ್ಕೆ ಅಂದರೆ 10 ಇಂಚಿನದನ್ನೇ ತನ್ನಿ.

ಹಿಂದೆ ಬರೆದಿರುವ ಪಟ್ಟಿ ಓದಿದೆ. ಮೈದಾ, ನೀರು, ಎಣ್ಣೆ, ಉಪ್ಪು, ಬೇಕಿಂಗ್ ಪೌಡರ್, ಸ್ವಲ್ಪ ಹುಳಿ ಅಂಶ, ಬೂಸ್ಟು ಹಿಡಿಯದಿರಲಿ ಅಂತ ಕ್ಯಾಲ್ಸಿಯಂ ಪ್ರೊಪಿಯೊನೇಟ್. ಪ್ಯಾಕೆಟ್ ಬಿಚ್ಚಿದ ತಕ್ಷಣ ಮೂಗಿಗೆ ಒಂಥರಾ ಹುಳಿ ವಾಸನೆ ಹೊಡೆಯುತ್ತದೆ. ಮೊದಲ ಸಲ ನಾನು ಕೆಟ್ಟುಹೋಗಿದೆ ಅಂದುಕೊಂಡು ತಾರೀಕು ನೋಡಿದೆ, ಇನ್ನೂ ಮೂರು ವಾರ ಬಾಕಿ ಇತ್ತು. ಅದು ಆ ಹುಳಿ ಅಂಶದ ಮತ್ತು ಕೆಡದಂತೆ ಹಾಕುವ ಪದಾರ್ಥದ ವಾಸನೆ. ಬಿಸಿ ಮಾಡಿದರೆ ಹೆಚ್ಚುಕಮ್ಮಿ ಹೋಗಿಬಿಡುತ್ತದೆ. ಬಿಸಿ ಮಾಡಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಇನ್ನು ಮೊದಲ ದಿನದ ಕಥೆ. ಪ್ಯಾಕೆಟ್ ಹಿಂದಿನ ರಾತ್ರಿಯಿಂದ ಫ್ರಿಜ್‌ನಲ್ಲಿತ್ತು. ತೆಗೆದು ತಟ್ಟೆ ಮೇಲೆ ಹರಡಿ, ಮಧ್ಯಕ್ಕೆ ಸಲಾಡ್ ಹಾಕಿ, ಕೆಳಗಿನ ಅಂಚನ್ನು ಮೇಲಕ್ಕೆ ಎತ್ತಿದೆ. ಬಾಗಿತು. ಇನ್ನು ಸ್ವಲ್ಪ ಒತ್ತಿದಾಗ ಮಡಿಕೆಯ ಉದ್ದಕ್ಕೂ ಮೊದಲು ಒಂದು ಬಿಳಿ ಗೆರೆ ಕಾಣಿಸಿಕೊಂಡಿತು, ಒಣಗಿದ ಕಾಗದ ಮಡಚಿದಾಗ ಬರುತ್ತದಲ್ಲ, ಹಾಗೆ. ಆ ಗೆರೆ ನೋಡುತ್ತಿದ್ದಂತೆಯೇ ಅಗಲವಾಗಿ ಸೀಳು ಬಿಟ್ಟಿತು. ಅದರೊಳಗಿಂದ ಮಯೋನೀಸ್ ಹೆಬ್ಬೆರಳಿಗೆ ಬಂತು. ಸುತ್ತಿ ಮುಗಿಸುವ ಹೊತ್ತಿಗೆ ಮೂರು ಕಡೆ ಸೀಳಿತ್ತು. ಕೊನೆಗೆ ಬಟ್ಟಲಿಗೆ ಸುರಿದುಕೊಂಡು ಚಮಚದಲ್ಲಿ ತಿಂದೆ. ಕಂಪನಿಯ ಮೇಲೆ ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ.

ಆಮೇಲೆ ತಿಳಿದದ್ದು, ಇದು ಈ ಒಂದು ಪ್ಯಾಕೆಟ್‌ನ ದೋಷ ಅಲ್ಲ. ಬೆಂದ ಹಿಟ್ಟಿನಲ್ಲಿರುವ ಪಿಷ್ಟ ಬಿಸಿ ಇದ್ದಾಗ ಮೆತ್ತಗೆ ಇರುತ್ತದೆ, ಆರಿದಂತೆ ಬಿಗಿದುಕೊಳ್ಳುತ್ತಾ ಹೋಗುತ್ತದೆ. ಫ್ರಿಜ್‌ನ ತಂಪಿನಲ್ಲಿ ಈ ಬಿಗಿತ ಇನ್ನೂ ಬೇಗ ಆಗುತ್ತದೆ. ಬ್ರೆಡ್ಡನ್ನು ಫ್ರಿಜ್‌ನಲ್ಲಿಟ್ಟರೆ ಒರಟಾಗುವುದೂ ಇದಕ್ಕೇ. ಮತ್ತೆ ಬಿಸಿ ತಾಗಿಸಿದರೆ ಆ ಬಿಗಿತ ಸಡಿಲವಾಗುತ್ತದೆ, ರ‍್ಯಾಪ್ ಬಟ್ಟೆಯ ಹಾಗೆ ಬಾಗುತ್ತದೆ. ಇಷ್ಟೇ ವಿಷಯ. ಪ್ಯಾಕೆಟ್ ಮೇಲೆ ಒಂದು ಸಾಲು ಬರೆದಿದ್ದರೆ ನನ್ನ ಮೊದಲ ಮೂರು ರ‍್ಯಾಪ್ ಉಳಿಯುತ್ತಿದ್ದವು.

ಬಿಸಿ ಮಾಡುವ ರೀತಿ ಹೇಳುತ್ತೇನೆ. ತವಾವನ್ನು ಮಧ್ಯಮ ಉರಿಯಲ್ಲಿ ಕಾಯಿಸಿ, ಎಣ್ಣೆ ಬೇಡ. ರ‍್ಯಾಪ್ ಹಾಕಿ 15ರಿಂದ 20 ಸೆಕೆಂಡ್ ಬಿಟ್ಟು ತಿರುವಿ ಹಾಕಿ, ಆ ಕಡೆಯೂ ಅಷ್ಟೇ. ಮೇಲ್ಮೈಯಲ್ಲಿ ಸಣ್ಣ ಸಣ್ಣ ಗುಳ್ಳೆ ಏಳಲು ಶುರುವಾಗುತ್ತಿದ್ದಂತೆ ತೆಗೆದುಬಿಡಿ. ಕಂದು ಚುಕ್ಕೆ ಬರಲಿ ಅಂತ ಕಾದರೆ ಅಂಚು ಹಪ್ಪಳದ ಹಾಗಾಗುತ್ತದೆ, ಆಗ ಮತ್ತೆ ಮುರಿಯುತ್ತದೆ. ತೆಗೆದದ್ದನ್ನು ಒಣ ಬಟ್ಟೆಯಲ್ಲಿ ಮುಚ್ಚಿಡಿ. ಒಳಗಿನ ಹಬೆ ಅಲ್ಲೇ ಉಳಿದು ಅಂಚೂ ಮೆತ್ತಗಾಗುತ್ತದೆ. ಮೈಕ್ರೋವೇವ್‌ನಲ್ಲೂ ಆಗುತ್ತದೆ, ಒದ್ದೆ ಪೇಪರ್ ಟವೆಲ್ ಹೊದಿಸಿ 15 ಸೆಕೆಂಡ್ ಸಾಕು. ಜಾಸ್ತಿ ಆದರೆ ಒಳಗಿನ ನೀರೆಲ್ಲ ಹಬೆಯಾಗಿ ಹೋಗಿ, ಮೊದಲು ರಬ್ಬರ್ ಹಾಗೆ, ಎರಡು ನಿಮಿಷ ಬಿಟ್ಟರೆ ರಟ್ಟಿನ ಹಾಗೆ ಆಗಿಬಿಡುತ್ತದೆ. ನನಗೆ ತವಾನೇ ಇಷ್ಟ.

ಎರಡನೇ ಪ್ಯಾಕೆಟ್ ತರುವಾಗ ಇಡೀ ಗೋಧಿಯದ್ದು ತಂದೆ. ರುಚಿ ಇದರದ್ದೇ ಚೆನ್ನಾಗಿದೆ, ಗೋಧಿಯ ಘಮ ಬರುತ್ತದೆ, ಹೊಟ್ಟೆಯೂ ಹೆಚ್ಚು ಹೊತ್ತು ತುಂಬಿದಂತಿರುತ್ತದೆ. ಆದರೆ ಸುತ್ತುವ ವಿಷಯದಲ್ಲಿ ಮೈದಾದ್ದೇ ಮೇಲು. ಗೋಧಿ ಹೊಟ್ಟಿನ ಚೂರುಗಳು ಹಿಟ್ಟಿನ ಜಿಗುಟನ್ನು ಅಲ್ಲಲ್ಲಿ ಕಡಿದುಹಾಕುತ್ತವೆ, ಅದಕ್ಕೇ ಇದು ಬೇಗ ಸೀಳುತ್ತದೆ. ಗೋಧಿಯದ್ದೇ ಬೇಕು ಅಂದರೆ ಸಲಾಡ್ ಒಂದು ಮುಷ್ಟಿ ಕಮ್ಮಿ ಹಾಕಿ, ಬಿಸಿ ಇದ್ದಾಗಲೇ ಸುತ್ತಿ, ಕಾಯಬೇಡಿ. ನಾನೀಗ ಒಂದು ಸಲ ಅದು, ಒಂದು ಸಲ ಇದು ಅಂತ ತರುತ್ತೇನೆ.

ಈಗ ಒಳಗಿನದಕ್ಕೆ ಬರೋಣ, ಯಾಕೆಂದರೆ ರ‍್ಯಾಪ್ ಎಷ್ಟೇ ಚೆನ್ನಾಗಿದ್ದರೂ ಒಳಗೆ ನೀರು ಬಿಡುವ ಸಲಾಡ್ ಇದ್ದರೆ ಹತ್ತು ನಿಮಿಷದಲ್ಲಿ ತಳ ನೆನೆದು ಹೋಗುತ್ತದೆ.

ಚಿಕನ್ ನಾನು ಎರಡು ದಿನಕ್ಕೊಮ್ಮೆ ಬೇಯಿಸಿಡುತ್ತೇನೆ. ಎಲುಬಿಲ್ಲದ ಎದೆಯ ಭಾಗ, ಒಂದೊಂದು 200 ಗ್ರಾಂ ಆಸುಪಾಸು. ತೊಳೆಯುವುದಿಲ್ಲ. ಹಸಿ ಚಿಕನ್ ನಲ್ಲಿ ಕೆಳಗೆ ಹಿಡಿದರೆ ಅದರಲ್ಲಿರುವ ಬ್ಯಾಕ್ಟೀರಿಯಾ ನೀರಿನ ಹನಿಗಳ ಜೊತೆ ಸಿಂಕ್‌ಗೆ, ಪಕ್ಕದಲ್ಲಿಟ್ಟ ಸೊಪ್ಪಿಗೆಲ್ಲ ಸಿಡಿಯುತ್ತದೆ. ಸಲಾಡ್‌ಗೆ ಹಾಕುವ ಸೊಪ್ಪನ್ನು ನಾವು ಬೇಯಿಸುವುದಿಲ್ಲವಲ್ಲ, ಅದಕ್ಕೆ ಇಲ್ಲಿ ಇನ್ನೂ ಹುಷಾರಾಗಿರಬೇಕು. ಪಾತ್ರೆಯಲ್ಲಿಟ್ಟು, ಮುಳುಗುವಷ್ಟು ತಣ್ಣೀರು, ಉಪ್ಪು, ನಾಲ್ಕು ಕಾಳುಮೆಣಸು, ಒಂದು ಬೆಳ್ಳುಳ್ಳಿ ಎಸಳು ಹಾಕಿ ಒಲೆ ಹಚ್ಚುತ್ತೇನೆ. ಅಂಚಿನಲ್ಲಿ ಸಣ್ಣ ಗುಳ್ಳೆ ಕಂಡ ತಕ್ಷಣ ಉರಿ ತಗ್ಗಿಸಬೇಕು. ಕೊತಕೊತ ಕುದಿಸಿದರೆ ಮಾಂಸದ ಎಳೆಗಳು ಬಿಗಿದು ರಸವನ್ನೆಲ್ಲ ಹೊರಗೆ ಹಿಂಡಿಬಿಡುತ್ತವೆ, ಆಮೇಲೆ ಎಷ್ಟು ಮಯೋನೀಸ್ ಹಾಕಿದರೂ ಬಾಯಲ್ಲಿ ಹತ್ತಿ ಅಗಿದ ಹಾಗೇ ಇರುತ್ತದೆ. ಸಣ್ಣ ಉರಿಯಲ್ಲಿ 12ರಿಂದ 15 ನಿಮಿಷ. ದಪ್ಪ ಇರುವ ಕಡೆ ಥರ್ಮಾಮೀಟರ್ ಚುಚ್ಚಿದರೆ 74 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು. ಅಡುಗೆಯ ಥರ್ಮಾಮೀಟರ್ ಇಲ್ಲದಿದ್ದರೆ ದಪ್ಪ ಭಾಗ ಕತ್ತರಿಸಿ ನೋಡಿ, ಒಳಗೆ ಎಲ್ಲೂ ಹಸಿ ಇರಬಾರದು. ಥರ್ಮಾಮೀಟರ್ ಇದ್ದರೆ ಅನುಮಾನವೇ ಇರುವುದಿಲ್ಲ, ನಾನು ತೆಗೆದುಕೊಂಡ ಮೇಲೆ ಚಿಕನ್ ಒಣಗಿಸುವುದು ನಿಂತಿದೆ.

ಬೆಂದದ್ದನ್ನು ತಟ್ಟೆಗೆ ತೆಗೆದು ಹತ್ತು ನಿಮಿಷ ಮುಟ್ಟಬೇಡಿ. ಆಮೇಲೆ ಎರಡು ಫೋರ್ಕ್ ಹಿಡಿದು ಎಳೆ ಬಿಡಿಸಿ. ನಾನು ಮೊದಲು ಚೌಕವಾಗಿ ಕತ್ತರಿಸುತ್ತಿದ್ದೆ. ತಟ್ಟೆಯಲ್ಲಿ ತಿನ್ನುವ ಸಲಾಡ್‌ಗೆ ಅದು ಸರಿ, ರ‍್ಯಾಪ್‌ಗೆ ಸರಿಯಲ್ಲ. ಕಚ್ಚಿದಾಗ ತುಂಡುಗಳು ಜಾರಿ ಹಿಂದಿನಿಂದ ಬೀಳುತ್ತವೆ, ಚೂಪು ಮೂಲೆಗಳು ರ‍್ಯಾಪ್‌ಗೆ ಚುಚ್ಚುತ್ತವೆ. ಎಳೆ ಬಿಡಿಸಿದ ಚಿಕನ್ ಒಂದಕ್ಕೊಂದು ಹೆಣೆದುಕೊಂಡು ಕೂರುತ್ತದೆ. ಮುಖ್ಯವಾಗಿ, ಪೂರ್ತಿ ಆರಿದ ಮೇಲೆ ಮಯೋನೀಸ್ ಹಾಕಿ. ಮಯೋನೀಸ್ ಅಂದರೆ ಎಣ್ಣೆಯ ಸಣ್ಣ ಸಣ್ಣ ಹನಿಗಳನ್ನು ಮೊಟ್ಟೆಯ ಹಳದಿ ಹಿಡಿದಿಟ್ಟಿರುವುದು, ಅಲ್ವಾ? ಬಿಸಿ ತಾಗಿದರೆ ಆ ಹಿಡಿತ ಬಿಟ್ಟುಹೋಗಿ ಎಣ್ಣೆ ಬೇರೆಯಾಗುತ್ತದೆ. ಬಟ್ಟಲಿನ ತಳದಲ್ಲಿ ಹಳದಿ ಎಣ್ಣೆ ನಿಂತಿದ್ದನ್ನು ಒಂದು ದಿನ ನಾನೇ ನೋಡಿದ್ದೇನೆ, ಅವಸರದಲ್ಲಿ ಬಿಸಿಬಿಸಿ ಚಿಕನ್ನಿಗೆ ಕಲಸಿದ್ದಕ್ಕೆ.

ಒಂದು ರ‍್ಯಾಪ್‌ಗೆ ನನ್ನ ಲೆಕ್ಕ: ಬೆಂದ ಚಿಕನ್ 100 ಗ್ರಾಂ, ಅಂದರೆ ಒಂದು ಹಿಡಿ ತುಂಬಾ. ಇದರಲ್ಲೇ 30 ಗ್ರಾಂ ಆಸುಪಾಸು ಪ್ರೋಟೀನ್ ಸಿಗುತ್ತದೆ. ಮಯೋನೀಸ್ ಒಂದು ದೊಡ್ಡ ಚಮಚ, ಗಟ್ಟಿ ಮೊಸರು ಒಂದು ದೊಡ್ಡ ಚಮಚ, ಸಾಸಿವೆ ಪೇಸ್ಟ್ ಅರ್ಧ ಚಮಚ, ನಿಂಬೆರಸ ನಾಲ್ಕು ಹನಿ, ಕುಟ್ಟಿದ ಕಾಳುಮೆಣಸು. ಬರೀ ಮಯೋನೀಸ್ ಹಾಕಿದರೆ ಮೂರನೇ ತುತ್ತಿಗೆ ಜಿಡ್ಡು ಅನಿಸುತ್ತದೆ, ಅದರಲ್ಲಿ ಮುಕ್ಕಾಲು ಪಾಲು ಎಣ್ಣೆಯೇ ಇರುವುದು. ಬರೀ ಮೊಸರು ಹಾಕಿದರೆ ನೀರಾಗುತ್ತದೆ. ಅರ್ಧ ಅರ್ಧ ಸರಿ. ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಅರ್ಧ ಗಂಟೆ ನೀರು ಬಸಿದರೆ ಇನ್ನೂ ಒಳ್ಳೆಯದು. ಉಪ್ಪನ್ನು ಕೊನೆಯಲ್ಲಿ ರುಚಿ ನೋಡಿ ಹಾಕಿ, ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಸೌತೆಕಾಯಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಾನು ಅತಿ ಹೆಚ್ಚು ಸಲ ತಪ್ಪು ಮಾಡಿದ್ದು ಇಲ್ಲೇ. ಸೌತೆಕಾಯಿ ಹೆಚ್ಚಿ, ಚಿಕನ್ ಜೊತೆ ಕಲಸಿ, ಉಪ್ಪು ಹಾಕಿ, ಫೋನ್ ಬಂತು ಅಂತ ಎದ್ದುಹೋಗಿ ಬಂದರೆ ಬಟ್ಟಲು ಓರೆ ಮಾಡಿದಾಗ ಒಂದು ಮೂಲೆಯಲ್ಲಿ ಹಾಲಿನ ಬಣ್ಣದ ನೀರು ಹರಿದು ಬಂದು ನಿಲ್ಲುತ್ತದೆ. ಉಪ್ಪು ಒಳಗಿನ ನೀರನ್ನು ಹೊರಗೆ ಎಳೆಯುತ್ತದೆ, ಅದರ ಕೆಲಸವೇ ಅದು. ಆ ಕೆಲಸವನ್ನು ಮೊದಲೇ ಬೇರೆ ತಟ್ಟೆಯಲ್ಲಿ ಮಾಡಿಸಿಬಿಡಿ. ಸೌತೆಕಾಯಿ ಉದ್ದಕ್ಕೆ ಸೀಳಿ, ಚಮಚದಲ್ಲಿ ಬೀಜದ ಭಾಗ ಕೆರೆದು ತೆಗೆದು, ಸಣ್ಣಗೆ ಹೆಚ್ಚಿ, ಚಿಟಿಕೆ ಉಪ್ಪು ಹಾಕಿ ಹತ್ತು ನಿಮಿಷ ಬಿಡಿ. ಮುಷ್ಟಿಯಲ್ಲಿ ಹಿಡಿದು ಹಿಂಡಿದರೆ ಎಷ್ಟು ನೀರು ಬರುತ್ತದೆ ಅಂತ ನೀವೇ ನೋಡಿ. ಅರ್ಧ ಸೌತೆಕಾಯಿಂದ ಎರಡು ಮೂರು ಚಮಚ ಬರುತ್ತದೆ, ಅಷ್ಟೂ ನಿಮ್ಮ ರ‍್ಯಾಪ್ ಒಳಗೆ ಹೋಗುತ್ತಿತ್ತು. ಹಿಂಡಿದ ಮೇಲೂ ಕರಕರ ಅನ್ನುವುದು ಹೋಗುವುದಿಲ್ಲ. ಟೊಮೆಟೊ ನಾನು ಹಾಕುವುದೇ ಇಲ್ಲ. ಬೇಕೇ ಬೇಕು ಅನ್ನುವವರು ಬೀಜ ತೆಗೆದು ತಿರುಳು ಮಾತ್ರ ಹಾಕಿ.

ಈರುಳ್ಳಿ ಸಣ್ಣಗೆ ಹೆಚ್ಚಿ ತಣ್ಣೀರಿನಲ್ಲಿ ಹತ್ತು ನಿಮಿಷ ನೆನೆಸಿ ಬಸಿದರೆ ಘಾಟು ಇಳಿಯುತ್ತದೆ, ಮಧ್ಯಾಹ್ನದ ಮೀಟಿಂಗ್ ಇರುವವರಿಗೆ ಇದು ಬೇಕೇ ಬೇಕು. ಸೇಬು ಸ್ವಲ್ಪ ಹಾಕಿದರೆ ತುಂಬಾ ಚೆನ್ನಾಗಿರುತ್ತದೆ, ಇದು ನನ್ನ ಮಗಳ ಸಲಹೆ. ಲೆಟಿಸ್ ಎಲೆಯನ್ನು ತೊಳೆದು, ಬಟ್ಟೆಯಲ್ಲಿ ಸುತ್ತಿ, ಪೂರ್ತಿ ಒರೆಸಿ. ಅದನ್ನು ಸಲಾಡ್ ಜೊತೆ ಕಲಸಬೇಡಿ, ಮೊದಲು ರ‍್ಯಾಪ್ ಮೇಲೆ ಹಾಸಿ, ಅದರ ಮೇಲೆ ಸಲಾಡ್ ಇಡಿ. ಎಲೆ ನಡುವೆ ಅಡ್ಡ ನಿಂತು ಒದ್ದೆ ತಳಕ್ಕೆ ಇಳಿಯದಂತೆ ತಡೆಯುತ್ತದೆ. ಒಂದು ಶನಿವಾರ ಎಲೆ ಒರೆಸದೆ ಹಾಕಿಕೊಟ್ಟಿದ್ದೆ, ಎರಡು ತುತ್ತು ತಿಂದ ಮಗಳು ‘ಅಮ್ಮಾ, ಕೆಳಗಿಂದ ಸೋರ್ತಾ ಇದೆ’ ಅಂದಳು. ಮೊಣಕೈವರೆಗೂ ಇಳಿದಿತ್ತು.

ಸುತ್ತುವುದು ಹೇಗೆ ಅಂದರೆ, ಸಲಾಡನ್ನು ನಡುಮಧ್ಯಕ್ಕೆ ಹಾಕಬೇಡಿ, ನಿಮ್ಮ ಕಡೆಯ ಅಂಚಿನಿಂದ ನಾಲ್ಕು ಬೆರಳು ಬಿಟ್ಟು ಅಡ್ಡಕ್ಕೆ ಉದ್ದವಾಗಿ ಇಡಿ. ಎರಡೂ ಕೊನೆಯಲ್ಲಿ ಮೂರು ಬೆರಳು ಖಾಲಿ ಇರಲಿ. ಮೊದಲು ಎಡ ಬಲ ಪಕ್ಕಗಳನ್ನು ಒಳಕ್ಕೆ ಮಡಚಿ, ಹಿಡಿದುಕೊಂಡೇ ನಿಮ್ಮ ಕಡೆಯ ಅಂಚನ್ನು ಸಲಾಡ್ ಮೇಲೆ ಹೊದಿಸಿ, ಬೆರಳ ತುದಿಯಿಂದ ಸಲಾಡನ್ನು ನಿಮ್ಮ ಕಡೆ ಎಳೆದು ಬಿಗಿ ಮಾಡಿ, ಆಮೇಲೆ ಮುಂದಕ್ಕೆ ಉರುಳಿಸಿ. ಆ ಎಳೆದು ಬಿಗಿ ಮಾಡುವುದು ಮುಖ್ಯ. ಅದಿಲ್ಲದಿದ್ದರೆ ಒಳಗೆ ಗಾಳಿ ಉಳಿದು ಕತ್ತರಿಸಿದಾಗ ಬಿಚ್ಚಿಕೊಳ್ಳುತ್ತದೆ. ಮಡಚಿದ ಅಂಚು ಕೆಳಗೆ ಬರುವ ಹಾಗೆ ಮತ್ತೆ ತವಾ ಮೇಲೆ ಒಂದು ನಿಮಿಷ ಇಟ್ಟರೆ ಅಂಚು ಅಂಟಿಕೊಂಡುಬಿಡುತ್ತದೆ, ಹೊರಗೆ ಗರಿ, ಒಳಗೆ ತಂಪು. ನನಗೆ ಈ ಪ್ಯಾಕೆಟ್ ರ‍್ಯಾಪ್ ನಿಜವಾಗಿ ಇಷ್ಟವಾಗಿದ್ದು ಇಲ್ಲಿ. ತೆಳ್ಳಗಿದ್ದರೂ ಈ ಎರಡನೇ ಬಿಸಿಗೆ ಅದು ಚೆನ್ನಾಗಿ ಗರಿಯಾಗುತ್ತದೆ, ಮನೆಯಲ್ಲಿ ಲಟ್ಟಿಸಿ ನೋಡಿದಾಗ ನನಗೆ ಅಷ್ಟು ತೆಳುವಾಗಿ ಬರಲೇ ಇಲ್ಲ.

ದೂರುಗಳೂ ಇವೆ. ಮೊದಲನೆಯದು ಪ್ಯಾಕೆಟ್‌ನ ಜಿಪ್. ನಾಲ್ಕರಲ್ಲಿ ಎರಡು ಪ್ಯಾಕೆಟ್‌ನ ಜಿಪ್ ಮೊದಲ ಸಲ ಎಳೆದಾಗಲೇ ಒಂದು ಕಡೆ ಕಿತ್ತುಬಂತು. ಮುಚ್ಚಿದ್ದೇನೆ ಅಂದುಕೊಂಡು ಫ್ರಿಜ್‌ನಲ್ಲಿಟ್ಟೆ. ಮಾರನೇ ದಿನ ಮೇಲಿನ ಎರಡು ಅಂಚಿನ ಸುತ್ತ ಒಣಗಿ ಬಿರುಸಾಗಿದ್ದವು, ಬಿಸಿ ಮಾಡಿದರೂ ಸರಿಹೋಗಲಿಲ್ಲ. ಕಂಪನಿಗೆ ಫೋಟೋ ಹಾಕಿ ಬರೆದೆ. ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ’ ಅಂತ ಒಂದು ಉತ್ತರ ಬಂತು, ಜಿಪ್ ಬಗ್ಗೆ ಒಂದು ಮಾತೂ ಇರಲಿಲ್ಲ. ಇದು ನನಗೆ ಬೇಸರ ತಂದಿತು. ಒಳಗಿನ ಪದಾರ್ಥ ಇಷ್ಟು ಚೆನ್ನಾಗಿ ಮಾಡುವವರು ಚೀಲವನ್ನೂ ಗಟ್ಟಿಯಾಗಿ ಕೊಡಬಹುದಲ್ವಾ. ಈಗ ತಂದ ಕೂಡಲೇ ಬೇರೆ ಗಟ್ಟಿ ಚೀಲಕ್ಕೆ ಹಾಕಿಡುತ್ತೇನೆ.

ಎರಡನೆಯದು ಉಪ್ಪು. ನಾನು ತಂದ ಪ್ಯಾಕೆಟ್ ಪ್ರಕಾರ ಒಂದು ರ‍್ಯಾಪ್‌ನಲ್ಲಿ 400 ಮಿಲಿಗ್ರಾಂಗಿಂತ ಜಾಸ್ತಿ ಸೋಡಿಯಂ ಇದೆ. ದೊಡ್ಡವರಿಗೆ ದಿನಕ್ಕೆ 2000 ಮಿಲಿಗ್ರಾಂ ಒಳಗೆ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರಲ್ಲಿ ಐದನೇ ಒಂದು ಭಾಗ ಬರೀ ಹೊದಿಕೆಯಲ್ಲೇ ಮುಗಿಯಿತು, ಇನ್ನು ಮಯೋನೀಸ್, ಸಾಸಿವೆ ಪೇಸ್ಟ್ ಬೇರೆ. ಸಲಾಡ್‌ಗೆ ಉಪ್ಪು ಕೊನೆಯಲ್ಲಿ ರುಚಿ ನೋಡಿ ಹಾಕಿ ಅಂದಿದ್ದು ಇದಕ್ಕೇ. ಬಹಳ ಸಲ ಹಾಕುವ ಅಗತ್ಯವೇ ಬೀಳುವುದಿಲ್ಲ. ಬಿಪಿ ಇರುವವರು ಕೊಳ್ಳುವ ಮುಂಚೆ ಹಿಂದಿನ ಪಟ್ಟಿ ಖಂಡಿತ ಓದಿ.

ಡಬ್ಬಿಗೆ ಹಾಕಿಕೊಂಡು ಹೊರಗೆ ಒಯ್ಯುವವರಿಗೆ ಒಂದು ಮಾತು. ಕಲಸಿದ ಚಿಕನ್ ಸಲಾಡ್ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು, ಬಿಸಿಲು 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಐಸ್ ಪ್ಯಾಕ್ ಇಟ್ಟರೆ ಸರಿ, ಇಲ್ಲದಿದ್ದರೆ ಬೇಡ. ಫ್ರಿಜ್‌ನಲ್ಲಿ ಬೆಂದ ಚಿಕನ್ ಮೂರು ನಾಲ್ಕು ದಿನ ಇರುತ್ತದೆ, ನಾನು ಮೂರಕ್ಕೇ ಮುಗಿಸುತ್ತೇನೆ. ಸುತ್ತಿದ ರ‍್ಯಾಪ್ ಹಿಂದಿನ ರಾತ್ರಿಯೇ ಮಾಡಿಟ್ಟು ನೋಡಿದೆ, ಚೆನ್ನಾಗಿರಲಿಲ್ಲ, ತಳ ಜಿಗುಟಾಗಿತ್ತು. ಸಲಾಡ್ ಬೇರೆ ಡಬ್ಬಿಯಲ್ಲಿಟ್ಟು ತಿನ್ನುವಾಗ ಸುತ್ತಿಕೊಳ್ಳುವುದೇ ಸರಿ.

ಚಿಕನ್ ಮೊದಲೇ ಬೆಂದಿದ್ದರೆ ಇಷ್ಟೆಲ್ಲ ಸೇರಿ 15 ನಿಮಿಷದ ಕೆಲಸ, ಅದರಲ್ಲಿ ಹತ್ತು ನಿಮಿಷ ಸೌತೆಕಾಯಿ ನೀರು ಬಿಡಲು ಕಾಯುವುದೇ. ಬಿಸಿ ಮಾಡಲು ಒಂದು ನಿಮಿಷವೂ ಇಲ್ಲ ಅನ್ನುವವರು, ಉಪ್ಪು ತುಂಬಾ ಕಮ್ಮಿ ಮಾಡಿದವರು ಇದನ್ನು ತರಬೇಡಿ, ದೊಡ್ಡ ಲೆಟಿಸ್ ಎಲೆಯಲ್ಲೇ ಸಲಾಡ್ ಸುತ್ತಿಕೊಂಡು ತಿನ್ನಿ, ಅದೂ ಚೆನ್ನಾಗಿರುತ್ತದೆ. ಉಳಿದವರು ಧೈರ್ಯವಾಗಿ ತನ್ನಿ. ಐದಕ್ಕೆ ನಾಲ್ಕು ಕೊಡುತ್ತೇನೆ, ಒಂದು ಕಳೆದಿದ್ದು ಆ ಜಿಪ್‌ಗೆ ಮತ್ತು ಪ್ಯಾಕೆಟ್ ಮೇಲಿನ ಆ ಸಾಲಿಗೆ.

ಐದನೇ ಪ್ಯಾಕೆಟ್ ಈಗ ಫ್ರೀಜರ್‌ನಲ್ಲಿದೆ, ಅಲ್ಲಿ ಫ್ರಿಜ್‌ನಲ್ಲಿ ಆದ ಹಾಗೆ ಬೇಗ ಒರಟಾಗುವುದಿಲ್ಲ. ಹಾಗೇ ಇಟ್ಟರೆ ಒಂದಕ್ಕೊಂದು ಅಂಟಿ ಬಿಡಿಸುವಾಗ ಹರಿಯುತ್ತವೆ, ಅದಕ್ಕೆ ನಡುನಡುವೆ ಬಟರ್ ಪೇಪರ್ ಹಾಕಿಟ್ಟಿದ್ದೇನೆ. ಬೆಳಗ್ಗೆ ಒಂದನ್ನು ತೆಗೆದು ಹೊರಗಿಟ್ಟರೆ ಊಟದ ಹೊತ್ತಿಗೆ ತವಾಕ್ಕೆ ತಯಾರು.